ಒಂದು ಮೇಜು, ಒಂದೇ ಮದ್ದು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಿಚರ್ಡ್ ಲೀ 1958ರಲ್ಲಿ ತಮ್ಮ ಮನೆಯ ವರ್ಕ್‌ಶಾಪ್‌ನಲ್ಲಿ ಆರಂಭಿಸಿದ ಉದ್ಯಮಕ್ಕೆ ಹೆಸರು ತಂದುಕೊಟ್ಟದ್ದು ‘ಲೀ ಲೋಡರ್’ ಎಂಬ ಪುಟ್ಟ ಪೆಟ್ಟಿಗೆ. ಅದರೊಳಗಿನ ಕೆಲವು ಬಿಡಿಭಾಗ, ಮದ್ದು ಅಳೆಯುವ ಒಂದು ಚಮಚ, ಹೊರಗಿನಿಂದ ಒಂದು ಕೊಡತಿ ಇದ್ದರೆ ಸಾಕು, ಹಾರಿಸಿದ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಬಹುದಿತ್ತು. ಇಂದು ಅಲ್ಲಿನ ಗ್ಯಾರೇಜುಗಳಲ್ಲಿ ಕಾಣುವ ದೃಶ್ಯ ಬೇರೆ. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ದಪ್ಪ ಹಲಗೆಯ ಮೇಜು, ಅದರ ಮೇಲೆ ಹಿಡಿ ಎಳೆದು ತೋಟಾ ತುಂಬುವ ಎರಡು ಮೂರು ಪ್ರೆಸ್ಸು, ಡಿಜಿಟಲ್ ತಕ್ಕಡಿ, ಸಾಲಾಗಿ ನಿಂತ ಮದ್ದಿನ ಡಬ್ಬಿಗಳು. ಕೊಡತಿಯಿಂದ ಆಗುತ್ತಿದ್ದ ಕೆಲಸಕ್ಕೆ ಇಷ್ಟು ದೊಡ್ಡ ಏರ್ಪಾಡು ಬೇಕೇ? ಬೇಕು. ಆದರೆ ಅದನ್ನು ಕಟ್ಟಿಕೊಳ್ಳುವವರು ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ.

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಮದ್ದು, ಮುಂದೆ ಗುಂಡು. ಹಾರಿಸಿದ ಮೇಲೆ ಮತ್ತೆ ಬಳಸಲು ಉಳಿಯುವುದು ಕೇಸು ಮಾತ್ರ. ಅದನ್ನು ತೊಳೆದು, ಹಿಗ್ಗಿದ ಮೈಯನ್ನು ಉಕ್ಕಿನ ಡೈಯೊಳಗೆ ತೂರಿಸಿ ಮೊದಲಿನ ಅಳತೆಗೆ ತಂದು, ಉಳಿದ ಮೂರನ್ನು ಹೊಸದಾಗಿ ಸೇರಿಸುವುದೇ ರೀಲೋಡಿಂಗ್. ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳಲು ಅಮೆರಿಕದಲ್ಲಿ ಫೆಡರಲ್ ಪರವಾನಗಿ ಬೇಕಿಲ್ಲ; ಮಾರುವುದಕ್ಕಾಗಿ ತಯಾರಿಸಿದರೆ ಬೇಕು.

ದುಡ್ಡು ಉಳಿಯುತ್ತದೆ ಎಂಬುದು ಈ ಹವ್ಯಾಸದ ಪರವಾಗಿ ಕೇಳಿಬರುವ ಮೊದಲ ಮಾತು. ಒಂದು ಪೌಂಡ್ ಎಂದರೆ 7000 ಗ್ರೇನ್. ಪಿಸ್ತೂಲಿನ ತೋಟಾಕ್ಕೆ ಕೆಲವೇ ಗ್ರೇನ್ ಮದ್ದು ಸಾಕಾಗುವುದರಿಂದ ಒಂದು ಪೌಂಡಿನ ಡಬ್ಬಿಯಲ್ಲಿ ಸಾವಿರಕ್ಕೂ ಹೆಚ್ಚು ತುಂಬಬಹುದು. ಲೆಕ್ಕ ಸರಿಯೇ, ಆದರೆ ಅರ್ಧ ಮಾತ್ರ. ಕಾರ್ಖಾನೆಗಳು ರಾಶಿಗಟ್ಟಲೆ ತಯಾರಿಸುವ 9 ಮಿ.ಮೀ. ತೋಟಾದಲ್ಲಿ ಉಳಿಯುವ ಬಿಡಿಗಾಸು ಪ್ರೆಸ್ಸು, ಡೈ, ತಕ್ಕಡಿಗಳ ಬೆಲೆಯನ್ನು ಸರಿದೂಗಿಸುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. 2020ರ ನಂತರ ಪ್ರೈಮರ್ ಸಿಗುವುದೇ ಕಷ್ಟವಾಗಿ ಬೆಲೆ ಹಲವು ಪಟ್ಟು ಏರಿದಾಗ ಹಳೆಯ ಲೆಕ್ಕಗಳೆಲ್ಲ ತಲೆಕೆಳಗಾದವು. ಉಳಿತಾಯ ನಿಜವಾಗಿ ಕಾಣುವುದು ಅಂಗಡಿಯಲ್ಲಿ ದುಬಾರಿಯಾದ ಅಥವಾ ಸಿಗದೇ ಹೋದ ಹಳೆಯ ರೈಫಲ್‌ಗಳ ತೋಟಾದಲ್ಲಿ. ಅಜ್ಜನಿಂದ ಬಂದ ಕೋವಿಯನ್ನು ಬಳಕೆಯಲ್ಲಿ ಇಟ್ಟುಕೊಳ್ಳಲು ಬಯಸುವವರಿಗೆ ಈ ಮೇಜಿಗಿಂತ ಉತ್ತಮ ದಾರಿ ಇಲ್ಲ.

ಎರಡನೆಯ ಮಾತು ನಿಖರತೆಯದು. ಇಲ್ಲಿ ಹೊಗಳಿಕೆ ಪೂರ್ತಿ ಸಲ್ಲಬೇಕು. ರೈಫಲನ್ನು ಮೇಜಿನ ಮೇಲೆ ಊರಿ ಗುರಿಯಿಡುವ ‘ಬೆಂಚ್‌ರೆಸ್ಟ್’ ಸ್ಪರ್ಧಿಗಳು 100 ಗಜದ ಗುರಿಯ ಮೇಲೆ ಐದು ಗುಂಡುಗಳ ಗುಂಪನ್ನು ಕಾಲು ಅಂಗುಲದೊಳಗೆ ಕೂರಿಸುವುದು ತಮ್ಮ ಕೈಯಾರೆ ತುಂಬಿದ ತೋಟಾಗಳಿಂದಲೇ. ಅವರಲ್ಲಿ ಹಲವರು ಭಾರೀ ಪ್ರೆಸ್ಸನ್ನು ನೆಚ್ಚುವುದಿಲ್ಲ. ಶೂಟಿಂಗ್ ರೇಂಜಿನ ಪಕ್ಕದಲ್ಲೇ ಸಣ್ಣ ಕೈಪ್ರೆಸ್ಸು ಇಟ್ಟುಕೊಂಡು, ಆ ದಿನದ ಹವೆಗೆ ತಕ್ಕಂತೆ ತುಂಬುತ್ತಾರೆ. ನಿಖರತೆಗೆ ಬೇಕಾದದ್ದು ಒಂದರಂತೆ ಇನ್ನೊಂದನ್ನು ಮಾಡುವ ತಾಳ್ಮೆ. ಮೇಜಿನ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮೇಜು ಯಾಕೆ ಬೇಕು? ತಪ್ಪನ್ನು ತಡೆಯಲು. ಈ ಕಸುಬಿನ ದೊಡ್ಡ ಅಪಾಯ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾ 1898ರಲ್ಲಿ, ಇನ್ನೂ ಕಪ್ಪು ಮದ್ದು ಬಳಕೆಯಲ್ಲಿದ್ದಾಗ ಹುಟ್ಟಿದ್ದು. ಹೆಚ್ಚು ಜಾಗ ಬೇಕಾದ ಆ ಮದ್ದು ಹಿಡಿಸಲೆಂದು ಮಾಡಿದ ಉದ್ದನೆಯ ಕೇಸಿನಲ್ಲಿ ಇಂದಿನ ಹೊಗೆರಹಿತ ಮದ್ದು ತಳದಲ್ಲಿ ಚೂರೇ ಚೂರು ನಿಲ್ಲುತ್ತದೆ. ಎರಡು ಪಟ್ಟು ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಕೂರಿಸಿದ ಮೇಲಂತೂ ಗೊತ್ತೇ ಆಗುವುದಿಲ್ಲ. ಆ ತೋಟಾಕ್ಕೆ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ನಿಗದಿ ಮಾಡಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್. ದುಪ್ಪಟ್ಟು ಮದ್ದು ಅದನ್ನು ಎಷ್ಟೋ ಮೀರಿ ರಿವಾಲ್ವರಿನ ಸಿಲಿಂಡರನ್ನೇ ಸೀಳಬಲ್ಲದು. ಮದ್ದೇ ಬೀಳದಿದ್ದರೂ ಕೇಡೇ. ಪ್ರೈಮರಿನ ಬಲ ಗುಂಡನ್ನು ನಳಿಗೆಯ ನಡುವೆ ಸಿಕ್ಕಿಸುತ್ತದೆ, ಮುಂದಿನ ಗುಂಡು ಅದಕ್ಕೆ ಬಡಿಯುತ್ತದೆ.

ಈ ಒಂದು ಅಳತೆಗೋಲಿನಿಂದ ಸಲಕರಣೆಗಳನ್ನು ನೋಡಿದರೆ ಆಯ್ಕೆ ಸ್ಪಷ್ಟವಾಗುತ್ತದೆ. ಆರ್‌ಸಿಬಿಎಸ್ ಕಂಪನಿಯ ‘ರಾಕ್ ಚಕರ್’ ಹಿಡಿಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ. ಐವತ್ತು ಕೇಸುಗಳಿಗೆ ಮದ್ದು ಹಾಕಿ, ತೂತುಗಳಿರುವ ಹಲಗೆಯಲ್ಲಿ ನಿಲ್ಲಿಸಿ, ಮೇಲಿಂದ ದೀಪ ಹಿಡಿದು ಒಂದೊಂದನ್ನೂ ಇಣುಕಿ ನೋಡಿದ ನಂತರವೇ ಗುಂಡು ಕೂರಿಸುವ ಅವಕಾಶ ಅದರ ನಿಧಾನದಲ್ಲಿದೆ. ಡಿಲ್ಲನ್ ಕಂಪನಿಯ ‘550’ ಪ್ರೊಗ್ರೆಸಿವ್ ಪ್ರೆಸ್ಸಿನಲ್ಲಿ ನಾಲ್ಕು ಸ್ಥಾನಗಳಲ್ಲಿ ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತವೆ. ವೇಗ ಬೆರಗು ಹುಟ್ಟಿಸುವಂಥದ್ದು. ಆದರೆ ಕೇಸುಗಳನ್ನು ಹಿಡಿದಿರುವ ಅದರ ತಟ್ಟೆಯನ್ನು ಪ್ರತಿ ಸಲ ಕೈಯಿಂದಲೇ ತಿರುಗಿಸಬೇಕು. ಮಾತಿಗೆ ಸಿಕ್ಕು ತಿರುಗಿಸುವುದನ್ನು ಮರೆತು ಹಿಡಿ ಎಳೆದರೆ ಅದೇ ಕೇಸಿಗೆ ಮತ್ತೆ ಮದ್ದು. ಅದೇ ಕಂಪನಿ ಹಿಂದೆ ತಯಾರಿಸುತ್ತಿದ್ದ ‘650’ರಲ್ಲಿ ತಟ್ಟೆ ತಾನೇ ತಿರುಗುತ್ತದೆ, ಐದನೆಯ ಸ್ಥಾನವಿರುವುದರಿಂದ ಮದ್ದಿನ ಮಟ್ಟ ಪರೀಕ್ಷಿಸಿ ಎಚ್ಚರಿಸುವ ಸಾಧನವನ್ನೂ ಜೋಡಿಸಬಹುದು. ಹೊಸಬರು ಮೊದಲ ದಿನವೇ ಪ್ರೊಗ್ರೆಸಿವ್ ಕೊಳ್ಳುವುದು ಈ ಹವ್ಯಾಸದಲ್ಲಿ ಬೆಳೆದಿರುವ ಕೆಟ್ಟ ಚಾಳಿ.

ಮೇಜಿನ ವಿಷಯಕ್ಕೆ ಬಂದರೆ, ಬೋಲ್ಟ್ ಎಷ್ಟು ಬಿಗಿ ಎಂಬುದಕ್ಕಿಂತ ಅದರ ಮೇಲೆ ಏನೇನು ಇದೆ ಎಂಬುದನ್ನು ಮೊದಲು ನೋಡಬೇಕು. ಹಳಬರ ಕಟ್ಟುನಿಟ್ಟು ಹೀಗೆ: ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ, ಒಂದೇ ಬಗೆಯ ಗುಂಡು. ಬೂದು ಬಣ್ಣದ ಹಲವು ಮದ್ದುಗಳು ಕಣ್ಣಿಗೆ ಒಂದೇ ಥರ, ಉರಿಯುವ ವೇಗ ಮಾತ್ರ ಬೇರೆ ಬೇರೆ. ಅಳತೆಪಾತ್ರೆಯಲ್ಲಿ ಉಳಿದದ್ದನ್ನು ತಪ್ಪು ಡಬ್ಬಿಗೆ ಸುರಿದರೆ ಪತ್ತೆಹಚ್ಚುವ ದಾರಿಯಿಲ್ಲ. ಹೀಗಿರುವಾಗ ಹತ್ತಾರು ಡಬ್ಬಿಗಳನ್ನು ಪ್ರೆಸ್ಸಿನ ಹಿಂದೆಯೇ ಅಲಂಕಾರಕ್ಕೆ ಜೋಡಿಸಿಟ್ಟ ಮೇಜು ಎಷ್ಟೇ ಚಂದ ಕಂಡರೂ ಕೆಟ್ಟ ಮೇಜೇ. ಮದ್ದು ಬೇರೆ ಕಪಾಟಿನಲ್ಲಿರಬೇಕು. ಎನ್‌ಎಫ್‌ಪಿಎ ಎಂಬ ಅಗ್ನಿಸುರಕ್ಷತಾ ಸಂಸ್ಥೆಯ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲೇ 20 ಪೌಂಡ್‌ವರೆಗೆ ಮದ್ದನ್ನು, 10,000 ಪ್ರೈಮರ್‌ಗಳನ್ನು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಿನ ಮದ್ದಿಗೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕೆನ್ನುತ್ತದೆ. ಮರವೇ ಯಾಕೆಂದರೆ ಬೆಂಕಿ ಬಿದ್ದಾಗ ಅದು ಬೇಗ ಬಿಟ್ಟುಕೊಳ್ಳುತ್ತದೆ. ಭದ್ರವಾಗಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ ಒತ್ತಡ ಏರಿ ಸಿಡಿಯುತ್ತದೆ.

ಚರ್ಚೆಗೆ ಬಾರದ ಇನ್ನೊಂದು ಅಪಾಯ ಸೀಸ. ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸೀಸವಿದೆ. ಕೇಸುಗಳನ್ನು ಒಣ ಪುಡಿಯಲ್ಲಿ ಉರುಳಿಸಿ ಶುಚಿ ಮಾಡುವಾಗ ಏಳುವ ಧೂಳು ಮೂಗಿಗೂ ಬಟ್ಟೆಗೂ, ಅಲ್ಲಿಂದ ಮಕ್ಕಳವರೆಗೂ ತಲುಪುತ್ತದೆ. ನೀರು, ಸ್ಟೀಲ್ ಪಿನ್ನುಗಳೊಂದಿಗೆ ತೊಳೆಯುವ ಹೊಸ ಕ್ರಮ ಈ ದೃಷ್ಟಿಯಿಂದ ಬಹಳ ಮೇಲು. ಊಟದ ಮೇಜಿನ ಮೇಲೆ ಈ ಕೆಲಸವನ್ನು ಎಂದೂ ಮಾಡಬಾರದು.

ಕೋವಿಗೆ ಪೂಜೆ ಸಲ್ಲಿಸುವ ಕೈಲ್‌ಪೊಳ್ದ್ ಹಬ್ಬದ ಕೊಡಗಿನ ಓದುಗರಿಗೆ ಒಂದು ಮಾತು ಇಲ್ಲಿ ಅಗತ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾದ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೆನ್ನುವ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮನ್ನು ಅದು ಸಡಿಲಿಸುವುದಿಲ್ಲ. ಅಮೆರಿಕದ ಗ್ಯಾರೇಜಿನ ವಿಡಿಯೊ ನೋಡಿ ಮಡಿಕೇರಿಯಲ್ಲಿ ಮೇಜು ಹಾಕುವಂತಿಲ್ಲ.

ಕಾನೂನು ಒಪ್ಪುವ ಕಡೆ ಈ ಹವ್ಯಾಸ ಗೌರವಕ್ಕೆ ಯೋಗ್ಯವಾದದ್ದೇ. ಅಲ್ಲಿ ಹೊಸದಾಗಿ ಶುರುಮಾಡುವವರ ಮೊದಲ ಖರ್ಚು ಮುದ್ರಿತ ಲೋಡಿಂಗ್ ಕೈಪಿಡಿಗೆ, ಪರೀಕ್ಷಾ ತೂಕಗಳಿರುವ ತಕ್ಕಡಿಗೆ, ನೆರಳು ಬೀಳದ ದೀಪಕ್ಕೆ ಹೋಗಬೇಕು. ಆಮೇಲೆ ಸರಳವಾದ ಒಂದು ಪ್ರೆಸ್ಸು. ಎರಡನೆಯ ಪ್ರೆಸ್ಸಿನ ಮಾತು ಮೊದಲನೆಯದರಲ್ಲಿ ಕೈ ಪಳಗಿದ ಮೇಲೆ ಎತ್ತಿದರೆ ಸಾಕು.