ಖಾನಾವಳಿಯ ಫಲಕ, ಖಾನಾವಳಿಯ ತಾಟು

ಉತ್ತರ ಕರ್ನಾಟಕದ ಊಟದ ಬಗ್ಗೆ ನಮ್ಮಲ್ಲಿ ಬರುವ ಬರಹಗಳೆಲ್ಲ ಹೆಚ್ಚಾಗಿ ಹೊಗಳಿಕೆ, ಇಲ್ಲವೇ ಅವ್ವನ ನೆನಪು. ಕವಿತೆಯೊಂದನ್ನು ಸಾಲುಸಾಲಾಗಿ ಬಿಡಿಸಿ ನೋಡುವ ನಾವು ಖಾನಾವಳಿಯ ತಾಟಿನ ಮುಂದೆ ಮಾತ್ರ 'ಭಾರೀ ಐತ್ರಿ' ಎಂದು ಕೈತೊಳೆದು ಎದ್ದುಬಿಡುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಉಂಡು ಬಂದ ಮೇಲೆ ನನಗೆ ಅಷ್ಟಕ್ಕೇ ಬಿಡುವುದು ಸರಿ ಅನಿಸಲಿಲ್ಲ.

ಮೊದಲು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿವ ನೀರು ಹಾಕಿ ನಾದಬೇಕು, ಕೈಯಿಂದಲೇ ಬಡಿಯಬೇಕು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಆರಿತೋ, ಬಿರುಸಾಗುತ್ತದೆ. ಹಾಗಾಗಿ ಒಳ್ಳೆಯ ಖಾನಾವಳಿಯ ಲಯವನ್ನು ನಿರ್ಧರಿಸುವುದು ಒಳಗಿನ ಬಡಿತದ ಸಪ್ಪಳ. ಒಂದು ರೊಟ್ಟಿ ಮುಗಿದು ಇನ್ನೊಂದು ಬರುವವರೆಗೆ ತುಸು ಹೊತ್ತು ಸಿಗುತ್ತದೆ. ಹಸಿ ಉಳ್ಳಾಗಡ್ಡಿ ಕಚ್ಚುವುದು, ಶೇಂಗಾ ಹಿಂಡಿಗೆ ಮೊಸರು ಕಲಸುವುದು, ಎಣಗಾಯಿಯ ಬದನೆಯನ್ನು ಬೆರಳಲ್ಲಿ ಬಿಡಿಸುವುದು ಎಲ್ಲ ಆ ಹೊತ್ತಿನಲ್ಲೇ. ಇಂಡಿಯಲ್ಲಿ ಪುಂಡಿಪಲ್ಯದ ಪಕ್ಕ ಲಿಂಬೆಹೋಳು ಇಟ್ಟಿದ್ದರು. ಹುಳಿಗೆ ಮತ್ತೆ ಹುಳಿ ಯಾಕೆ? (ಊರಿನ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಅಭಿಮಾನ ಇರಲಿ.) ಮಡಕಿಕಾಳಿನ ಮೇಲೆ ಹಿಂಡಿದಾಗ ಅದರ ಬೆಲೆ ತಿಳಿಯಿತು.

ಸೋಲುವುದು, ಮುಂಜಾನೆ ಬಡಿದ ರೊಟ್ಟಿಯನ್ನು ಡಬ್ಬಿಯಲ್ಲಿ ಪೇರಿಸಿಟ್ಟು ಮಧ್ಯಾಹ್ನ ಹಾಕುವ ಕಡೆ. ಕಡಕ್ ರೊಟ್ಟಿಯ ರುಚಿಯೇ ಬೇರೆ, ಅದಕ್ಕೆ ತಕರಾರಿಲ್ಲ. ಇದು ಬಿಸಿಯೂ ಅಲ್ಲದ, ಕಡಕ್ಕೂ ಅಲ್ಲದ ಮೂರನೆಯ ಜಾತಿ. ಎಲ್ಲ ಪಲ್ಯಗಳ ಮೇಲೂ ಅದೇ ಕೆಂಪೆಣ್ಣೆ ತೇಲಿಸುವವರದೂ ಇದೇ ಕತೆ.

ಇನ್ನು ಫಲಕ. 'ಲಿಂಗಾಯತ ಖಾನಾವಳಿ' ಎಂಬ ಬರಹ ಈ ಸೀಮೆಯ ಕಣ್ಣಿಗೆ ಹೊಸತಲ್ಲ. ಆದರೂ ಬಸವಣ್ಣನ ಊರೆಂದೇ ಹೆಸರಾದ ಬಾಗೇವಾಡಿಯಿರುವ ಜಿಲ್ಲೆಯಲ್ಲಿ, ದಾಸೋಹದ ಮಾತು ಕೇಳುತ್ತಲೇ ಅದನ್ನು ಓದಿದಾಗ ಕಾಲು ಒಂದು ಕ್ಷಣ ನಿಲ್ಲುತ್ತದೆ. ಕೇಳಿದರೆ, 'ಹಂಗಂದ್ರ ಶುದ್ಧ ಶಾಕಾಹಾರಿ ಅಂತ್ರಿ, ಮತ್ತೇನಿಲ್ಲ' ಎನ್ನುತ್ತಾರೆ. 'ಸಾವಜಿ ಖಾನಾವಳಿ' ಎಂದರೆ ಖಾರದ ಮಾಂಸದೂಟ ಎಂದು ತಿಳಿಯುವ ಹಾಗೆ. ಈ ಉತ್ತರ ಅರ್ಧ ನಿಜ. ನಾನು ಉಂಡ ಕಡೆಗಳಲ್ಲಿ ಬೆಂಚಿನ ಮೇಲೆ ಯಾರ ಪಕ್ಕ ಯಾರೆಂದು ಯಾರೂ ಕೇಳಲಿಲ್ಲ. ಆದರೆ ಶಾಕಾಹಾರಿ ಎಂಬ ಪದ ಕೈಯಲ್ಲಿರುವಾಗಲೂ ರುಚಿಗೆ, ಮಡಿಗೆ ಜಾತಿಯ ಹೆಸರೇ ಜಾಮೀನು ನಿಲ್ಲುತ್ತದಲ್ಲ, ಅದು ಯಾರ ಸಮಾಧಾನಕ್ಕೆ? ಒಂದು ಕಾಲಕ್ಕೆ ಇಂಥ ಬಾಗಿಲುಗಳ ಹೊರಗೇ ನಿಲ್ಲಬೇಕಾದವರ ಮೊಮ್ಮಕ್ಕಳು ಆ ಅಕ್ಷರಗಳನ್ನು ಬೇರೆ ಥರ ಓದಿಯಾರು.

ಫಲಕದಲ್ಲಿಲ್ಲದ ಹೆಸರೂ ಒಂದಿದೆ. ಸಿಂದಗಿಯಲ್ಲಿ ಕೈತೊಳೆಯಲು ಹಿಂದಕ್ಕೆ ಹೋದಾಗ ಒಲೆಯ ಮುಂದೆ ಕೂತವರು ಕಂಡರು. 'ರೊಟ್ಟಿ ಭಾಳ ಚಲೋ ಇದ್ವು ಯಕ್ಕಾ' ಎಂದೆ.

'ಎಷ್ಟ ಉಂಡ್ರಿ?' ಬಡಿಯುತ್ತಲೇ ಕೇಳಿದರು.

'ಎರಡು.'

'ಚಲೋ ಇದ್ರ ನಾಕ ಉಣ್ತಿದ್ರಿ.'