ಬೇಸಿಗೆಯ ಟೆಂಟಿಗೆ ಯಾವ ಕಡಲತೀರ?

ಏಪ್ರಿಲ್ ಹತ್ತಿರವಾದರೆ ಬೆಂಗಳೂರು, ಹುಬ್ಬಳ್ಳಿಯ ಗೆಳೆಯರು ಫೋಟೊ ಕಳಿಸಿ ಕೇಳುತ್ತಾರೆ: ಟೆಂಟ್ ಹಾಕಲು ಈ ಬೀಚ್ ಹೇಗೆ? ಫೋಟೊಗಳೆಲ್ಲ ಸಂಜೆಯವೇ. ಕೆಂಪು ಸೂರ್ಯ, ಅಲೆ, ಅಲೆಯಿಂದ ಹತ್ತು ಹೆಜ್ಜೆ ದೂರಕ್ಕೆ ಬಣ್ಣದ ಟೆಂಟ್. ನಮ್ಮ ಪಡುವಣ ಕರಾವಳಿಯಲ್ಲಿ ಎಲ್ಲಿ ಕೂತರೂ ಸೂರ್ಯಾಸ್ತ ಸಿಗುತ್ತದೆ, ಅದಕ್ಕಾಗಿ ಜಾಗ ಹುಡುಕಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಅಲ್ಲಿ ಹೇಗಿರುತ್ತದೆ, ಬೆಳಿಗ್ಗೆ ಎಂಟಕ್ಕೆ ಹೇಗಿರುತ್ತದೆ ಎಂದು ವಿಚಾರಿಸಿ ಅಂತ ಹೇಳುತ್ತೇನೆ.

ಕರಾವಳಿಯ ಬೇಸಿಗೆಯಲ್ಲಿ ಬಿಸಿಲಿಗಿಂತ ಕಾಡುವುದು ಸೆಕೆ. ಏಪ್ರಿಲ್ ಕೊನೆಯ ಹೊತ್ತಿಗೆ ಸಮುದ್ರದ ನೀರೇ 30 ಡಿಗ್ರಿ ಆಸುಪಾಸಿಗೆ ಬಂದಿರುತ್ತದೆ. ಮಧ್ಯಾಹ್ನವೆಲ್ಲ ಬೀಸಿದ ಕಡಲಗಾಳಿ ಕತ್ತಲಾದ ಮೇಲೆ ಸೋತು ನಿಲ್ಲುತ್ತದೆ. ನೆಲ ತಣಿದು, ಘಟ್ಟದ ಕಡೆಯಿಂದ ಗಾಳಿ ಹೊರಟು ಕಡಲಿಗೆ ಇಳಿಯುವವರೆಗೆ ಎಲೆ ಅಲುಗುವುದಿಲ್ಲ. ತಡರಾತ್ರಿಯ ಆ ನೆಲಗಾಳಿ ಟೆಂಟನ್ನು ಮುಟ್ಟುತ್ತದೋ ಇಲ್ಲವೋ ಎಂಬುದರ ಮೇಲೆ ನಿಮ್ಮ ನಿದ್ದೆ ನಿಂತಿದೆ.

ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್ ತೀರಗಳನ್ನೇ ನೋಡಿ. ಬೆನ್ನಿಗೆ ಕೆಂಪುಕಲ್ಲಿನ ಗುಡ್ಡ, ಎರಡು ಪಕ್ಕಕ್ಕೂ ಕಡಲಿಗೆ ಚಾಚಿದ ಬಂಡೆ. ಗುಡ್ಡ ಅಡ್ಡ ಇರುವುದರಿಂದ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಇದು ಲಾಭ. ಅದೇ ಗುಡ್ಡ ನೆಲಗಾಳಿಯನ್ನೂ ತಡೆಯುತ್ತದೆ. ಡಿಸೆಂಬರಿನಲ್ಲಿ ಈ ತೀರಗಳಿಗೆ ಸಾಟಿಯಿಲ್ಲ. ಏಪ್ರಿಲಿನಲ್ಲಿ ಮಾತ್ರ ನಾನು ಅಲ್ಲಿ ಹಗಲು ಕಳೆದು, ಮಲಗಲು ತೆರೆದ ತೀರಕ್ಕೆ ಹೋಗುತ್ತೇನೆ. ಕುಮಟಾದ ದಕ್ಷಿಣಕ್ಕೆ ಧಾರೇಶ್ವರದಂಥ ಉದ್ದನೆಯ ತೀರದಲ್ಲಿ ಗುಡ್ಡ ದೂರ ಸರಿದಿರುತ್ತದೆ, ಗಾಳಿಗೆ ದಾರಿ ಇರುತ್ತದೆ. ಇಂಥ ಕಡೆ ಗಾಳಿಮರದ ಸಾಲೊಂದು ಸಿಕ್ಕರೆ ಅದರ ಪಡುವಣ ಅಂಚಿಗೆ ಟೆಂಟ್ ಹಾಕಿ, ಬಾಗಿಲು ಮೂಡಣಕ್ಕೆ ಇಡಿ. ಸೂಜಿಯಂಥ ಎಲೆಗಳ ನಡುವೆ ಗಾಳಿ ನುಸುಳಿ ಬರುತ್ತದೆ, ಬೆಳಗಿನ ಬಿಸಿಲು ಸೋಸಿ ಬರುತ್ತದೆ. ನೆರಳಿಲ್ಲದ ಟೆಂಟ್ ಎಂಟು ಗಂಟೆಗೆಲ್ಲ ಇಡ್ಲಿ ಪಾತ್ರೆಯಾಗುತ್ತದೆ. ಅಲೆ ಕೊರೆದು ಬೇರು ಹೊರಬಿದ್ದ ಗಾಳಿಮರ ಬೇಡ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಮರವಂತೆಯನ್ನು ಬಹಳ ಜನ ಕೇಳುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯ ಲಾರಿಗಳು ರಾತ್ರಿಯೂ ಓಡುತ್ತವೆ. ನಿಂತು ನೋಡಿ ಮುಂದೆ ಹೋಗುವ ಜಾಗ ಅದು.

ಟೆಂಟ್ ಎಷ್ಟು ಮೇಲಕ್ಕೆ ಹಾಕಬೇಕು? ಉಬ್ಬರ ತಂದು ಬಿಟ್ಟ ಕಸದ ಗೆರೆ ಹೊಯ್ಗೆಯ ಮೇಲೆ ಕಾಣುತ್ತದೆ, ಹೆಚ್ಚಿನವರು ಅದನ್ನು ನಂಬುತ್ತಾರೆ. ಅದು ಈಚಿನ ಉಬ್ಬರದ ಗುರುತು ಅಷ್ಟೇ. ಅಮಾವಾಸ್ಯೆ, ಹುಣ್ಣಿಮೆಯ ನೀರು ಅದನ್ನು ದಾಟುತ್ತದೆ. ನಾನು ನೋಡುವುದು ಹೊಯ್ಗೆಗೆ ಅಂಟಿಕೊಂಡು ಹಬ್ಬುವ ನೇರಳೆ ಹೂವಿನ ಬಳ್ಳಿಯನ್ನು. ಎಲೆ ದಪ್ಪ, ಆಡಿನ ಗೊರಸಿನ ಹಾಗೆ ತುದಿಯಲ್ಲಿ ಸೀಳು. ಅಲೆ ದಿನವೂ ಬಡಿಯುವಲ್ಲಿ ಅದು ಬೇರು ಬಿಡುವುದಿಲ್ಲ. ಆ ಬಳ್ಳಿಯನ್ನು ಪೂರ್ತಿ ದಾಟಿ, ಅದರ ಹಿಂದೆ ಟೆಂಟ್ ಹಾಕಬೇಕು. ಹೀಗೆ ಹೇಳಲು ಇನ್ನೊಂದು ಕಾರಣವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿಯಿಲ್ಲ, ಆಕಾಶ ತಿಳಿ, ಆದರೂ ನೀರು ಒಳಗೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮುನ್ನ ನೋಡಿ. ಅಳಿವೆಯ ಬಾಯಲ್ಲಿ ಟೆಂಟೂ ಬೇಡ, ಈಜೂ ಬೇಡ. ಅಲ್ಲಿ ಇಳಿತದ ಸೆಳೆತ ಜೋರು, ಮರಳ ದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ.

ದುಡ್ಡು ಕೊಟ್ಟು ಟೆಂಟ್ ಹಾಕುವುದು ಯಾರದೋ ತೋಟದಲ್ಲಾದರೆ ಮೊದಲು ಬಾವಿಗೆ ಹೋಗಿ. ಹೊಯ್ಗೆ ನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬೇಸಿಗೆಯಲ್ಲಿ ಪಂಪಿಟ್ಟು ಎಳೆದಷ್ಟೂ ಅದು ತೆಳ್ಳಗಾಗಿ, ಉಪ್ಪು ಮೇಲೇರುತ್ತದೆ. ಒಂದು ಕೊಡ ಸೇದಿಸಿ ಬಾಯಿಗೆ ಹಾಕಿ ನೋಡಿ. “ನೀರು ಮಳೆ ಬರೋತನಕ ಸಿಹಿನೇ ಇರ್ತದಾ ಅಣ್ಣ?” ಎಂದು ಕೇಳಿದರೆ, “ಮೊನ್ನೆಯಿಂದ ಸ್ವಲ್ಪ ಉಪ್ಪುಪ್ಪಾಗಿದೆ ಮಾರಾಯ್ರೆ” ಎಂದು ಇದ್ದದ್ದನ್ನು ಹೇಳುವವರ ತೋಟವನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ನೀರಿನ ಬಗ್ಗೆ ನಿಜ ಹೇಳುವವರು ಉಬ್ಬರದ ಬಗ್ಗೆಯೂ ನಿಜ ಹೇಳುತ್ತಾರೆ.

ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶುಚಿಯಾದ ನೀರು, ಶೌಚಾಲಯ, ಜೀವರಕ್ಷಕರು ಇರುವ ತೀರಗಳು ಇವು. ಮಕ್ಕಳ ಜೊತೆ ಹಗಲಿಗೆ ಹೋಗಲು ಇವನ್ನೇ ಹೇಳುತ್ತೇನೆ. ಕಾಸರಕೋಡಿನ ಕಡೆ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಬಂದು ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಒಂದೂವರೆ, ಎರಡು ತಿಂಗಳು ಬೇಕು, ಹಾಗಾಗಿ ನಮ್ಮ ಬೇಸಿಗೆ ರಜೆಗೂ ಅದು ತಾಗುತ್ತದೆ. ಮರಿ ಹೆಚ್ಚು ಬೆಳಕಿರುವ ದಿಕ್ಕಿಗೆ ತೆವಳುತ್ತದೆ. ದೀಪ ಇಲ್ಲದಿದ್ದರೆ ಅದು ಕಡಲು. ನೀವು ಕಟ್ಟಿದ ಎಲ್‌ಇಡಿ ಸರ ಉರಿಯುತ್ತಿದ್ದರೆ ನಿಮ್ಮ ಟೆಂಟು. ದೀಪ, ಬೆಂಕಿ, ಡಿಜೆ ಇಟ್ಟುಕೊಂಡ ಕ್ಯಾಂಪನ್ನು, ಉಳಿದೆಲ್ಲ ಎಷ್ಟೇ ಚೆನ್ನಾಗಿರಲಿ, ನಾನು ಬಿಟ್ಟುಬಿಡುತ್ತೇನೆ.

ಹೋಗುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ಹೋಗಿ ಬನ್ನಿ. ಮೇ ತಿಂಗಳಲ್ಲಿ ಸಂಜೆ ಘಟ್ಟದಿಂದ ಗುಡುಗು ಮಳೆ ಇಳಿಯುತ್ತದೆ, ಜೂನ್ ಮೊದಲ ವಾರಕ್ಕೆ ಮುಂಗಾರು. ಮೇ ನಡುವಿನಿಂದಲೇ ಕಡಲು ಕುದಿಯತೊಡಗುತ್ತದೆ. ಆಗ ಕೇಳಿದವರಿಗೆ ಕುಮಟಾದಲ್ಲೋ ಹೊನ್ನಾವರದಲ್ಲೋ ಜಗಲಿ ಇರುವ ಹಂಚಿನ ಮನೆಯೊಂದನ್ನು ಹುಡುಕಿಕೊಳ್ಳಿ ಅನ್ನುತ್ತೇನೆ.