ಸ್ಟಾರ್ ವಾರ್ಸ್: ಕಿವಿಗೊಟ್ಟು ನೋಡಿ

ನಮ್ಮ ಸೋದರಮಾವ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವರು. ಒಂದು ದಸರಾ ರಜೆಯಲ್ಲಿ ಅವರನ್ನು ಟಿವಿ ಮುಂದೆ ಕೂರಿಸಿ ಮೊಟ್ಟಮೊದಲ ‘ಸ್ಟಾರ್ ವಾರ್ಸ್’ ಹಾಕಿದೆ. ಪುಟ್ಟ ಹಡಗೊಂದು ತಲೆಯ ಮೇಲಿಂದ ಹಾದುಹೋಯಿತು. ಅದರ ಬೆನ್ನಿಗೇ ಇನ್ನೊಂದು ಬಂತು, ಬಂತು, ಬರುತ್ತಲೇ ಇತ್ತು. ಪರದೆ ಅರ್ಧ ತುಂಬಿದರೂ ಅದರ ಬಾಲ ಕಾಣಲೊಲ್ಲದು. ಎದೆಗೂಡಿಗೆ ತಾಗುವಂಥ ಗುಡುಗು. ಮಾವ ಕೈ ಎತ್ತಿದರು. “ನಿಲ್ಸೋ. ಅಲ್ಲಿ ಗಾಳಿ ಎಲ್ಲಿದೆ? ಗಾಳಿ ಇಲ್ದೆ ಸದ್ದು ಹೇಗೆ ಬಂತು?”

ಮುಕ್ಕಾಲು ಗಂಟೆಯಾದ ಮೇಲೆ ಹಾನ್ ಸೋಲೋ ಎಂಬ ಕಳ್ಳಸಾಗಣೆಯವನು ತನ್ನ ಹಡಗಿನ ವೇಗದ ಬಗ್ಗೆ ಜಂಬ ಕೊಚ್ಚುತ್ತಾ, ಹನ್ನೆರಡು ಪಾರ್ಸೆಕ್‌ಗಿಂತ ಕಮ್ಮಿಯಲ್ಲಿ ಓಟ ಮುಗಿಸಿದ್ದೇನೆ ಎಂದ. ಮಾವ ನಕ್ಕೇಬಿಟ್ಟರು. ಪಾರ್ಸೆಕ್ ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ. ಹೊತ್ತಿನ ಅಳತೆಯಲ್ಲ. “ಮೈಸೂರಿಗೆ ನೂರೈವತ್ತು ಕಿಲೋಮೀಟರ್‌ನಲ್ಲಿ ಮುಟ್ಟಿದೆ ಅಂದ ಹಾಗಾಯ್ತು.”

ಮಾವ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ವಿಜ್ಞಾನದ ಪಾಠವೆಂದು ನೋಡಲು ಕೂತವರು ಸೋತಂತೆಯೇ. ಸಿನಿಮಾ ಶುರುವಾಗುವ ಮೊದಲು ಕಪ್ಪು ಪರದೆಯ ಮೇಲೆ ಮೂಡುವ ನೀಲಿ ಅಕ್ಷರಗಳನ್ನು ಓದಿ. ಇದು ಮುಂದೆ ನಡೆಯುವ ಕಥೆಯಲ್ಲ, ಬಹಳ ಹಿಂದೆ, ಬಹಳ ದೂರದಲ್ಲಿ ಎಲ್ಲೋ ನಡೆದದ್ದು ಎಂದು ಅಲ್ಲೇ ಹೇಳಿಬಿಟ್ಟಿದ್ದಾರೆ. ಅಜ್ಜಿ ಕಥೆ ತೆಗೆಯುವುದೂ ಹೀಗೆಯೇ ಅಲ್ಲವೆ? ನಿರ್ದೇಶಕ ಜಾರ್ಜ್ ಲ್ಯೂಕಸ್‌ಗೆ ಮೊದಲು ಮಾಡಬೇಕೆನಿಸಿದ್ದು ಹಳೆಯ ‘ಫ್ಲ್ಯಾಶ್ ಗಾರ್ಡನ್’ ಸಾಹಸಕಥೆಯನ್ನು. ಹಕ್ಕು ಸಿಗಲಿಲ್ಲ, ತಾನೇ ಒಂದು ಕಟ್ಟಿದ. ದಿಗಂತದ ಕಡೆಗೆ ತೆವಳಿಕೊಂಡು ಹೋಗುವ ಆ ಹಳದಿ ಪೀಠಿಕೆ ಅಂಥ ಧಾರಾವಾಹಿಗಳಿಂದ ಬಂದದ್ದು. ಕಥೆಯನ್ನು ರಾಜಕುಮಾರಿಯಿಂದ ಶುರುಮಾಡದೆ, ಸದಾ ಕಚ್ಚಾಡುವ ಎರಡು ಆಳುಗಳ ಬೆನ್ನು ಹಿಡಿದು ಹೇಳುವ ಉಪಾಯ ಅಕಿರಾ ಕುರೋಸಾವನ 1958ರ ‘ದಿ ಹಿಡನ್ ಫೋರ್ಟ್ರೆಸ್’ನಿಂದ. ಅಲ್ಲಿ ಇಬ್ಬರು ಬಡ ರೈತರು, ಇಲ್ಲಿ ಎರಡು ರೋಬಾಟ್‌ಗಳು.

ಹಾಗಾದರೆ ಸದ್ದು? ಅದನ್ನು ತೆಗೆದರೆ ಸ್ಟಾರ್ ವಾರ್ಸ್‌ನಲ್ಲಿ ಉಳಿಯುವುದು ಕಡಿಮೆ. ಕಥೆ ಸರಳ, ಮಾತು ಎಷ್ಟೋ ಕಡೆ ಒಣ. ಆದರೆ ಇದರಷ್ಟು ಕಿವಿಗಾಗಿ ಮಾಡಿದ ಸಿನಿಮಾ ನನಗೆ ಬೇರೆ ಗೊತ್ತಿಲ್ಲ. ಹೊಸಬರಿಗೆ ನಾನು ಕೊಡುವ ಮೊದಲ ಸೂಚನೆಯೂ ಅದೇ: ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ನೋಡಬೇಡಿ. ಬೇರೆ ದಾರಿಯಿಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಎರಡನೆಯದು, ಸಂಖ್ಯೆಯನ್ನು ನಂಬಬೇಡಿ. 1977ರ ಮೇ 25ರಂದು ಅಮೆರಿಕದ ಬರೀ 32 ಚಿತ್ರಮಂದಿರಗಳಲ್ಲಿ ತೆರೆ ಕಂಡ ಚಿತ್ರಕ್ಕೆ ಆಗ ಸಂಖ್ಯೆಯೇ ಇರಲಿಲ್ಲ. ‘ಎಪಿಸೋಡ್ 4’ ಎಂಬ ಪಟ್ಟಿ ಅಂಟಿದ್ದು 1981ರ ಮರುಬಿಡುಗಡೆಯಲ್ಲಿ. ಎಪಿಸೋಡ್ 1 ಬಂದದ್ದು 1999ಕ್ಕೆ. ಗೆಳೆಯನೊಬ್ಬ ಒಂದರಿಂದಲೇ ಶುರುಮಾಡುತ್ತೇನೆಂದು ಹಟ ಹಿಡಿದ. ಅದರ ಪೀಠಿಕೆಯೇ ವ್ಯಾಪಾರ ಮಾರ್ಗಗಳ ತೆರಿಗೆ ಜಗಳದಿಂದ ತೆರೆದುಕೊಳ್ಳುತ್ತದೆ. ಅವನು ಗುಮಾಸ್ತ, ದಿನವಿಡೀ ಜಿಎಸ್‌ಟಿಯಲ್ಲೇ ಇರುವವನು. ಅರ್ಧ ಗಂಟೆಗೆ ಗೊರಕೆ. ನೀವು ಬಂದ ಕ್ರಮದಲ್ಲೇ ನೋಡಿ: 1977ರದ್ದು, 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’, 1983ರ ‘ರಿಟರ್ನ್ ಆಫ್ ದಿ ಜೆಡೈ’. ಎರಡನೆಯದರಲ್ಲಿ ಒಂದು ಗುಟ್ಟಿದೆ. ಜಗತ್ತಿಗೆಲ್ಲ ಗೊತ್ತಿರುವ ಗುಟ್ಟು, ನಿಮಗೂ ಯಾರೋ ಹೇಳಿರಬಹುದು. ನಾನಂತೂ ಹೇಳುವುದಿಲ್ಲ.

ಈಗ ಕಿವಿಯ ವಿಷಯ. ಲ್ಯೂಕಸ್ ಬೆನ್ ಬರ್ಟ್ ಎಂಬ ಎಳೆಯ ಹುಡುಗನನ್ನು ಹಿಡಿದು, ಯಂತ್ರದಲ್ಲಿ ಹುಟ್ಟಿಸಿದ ಕುಂಯ್‌ಕುಂಯ್ ಬೇಡ, ಲೋಕದಲ್ಲಿರುವ ಸದ್ದನ್ನೇ ಹಿಡಿದು ತಾ ಎಂದ. ಬರ್ಟ್ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಅಲೆದ. ಜೆಡೈ ಯೋಧರ ಬೆಳಕಿನ ಕತ್ತಿ, ಲೈಟ್‌ಸೇಬರ್, ಹೊರಗೆ ಬಂದಾಗ ಒಂದು ಗುಂಯ್‌ಗುಡುವಿಕೆ ಇದೆಯಲ್ಲ, ಅದರ ಅರ್ಧ ಹಳೆಯ ಫಿಲ್ಮ್ ಪ್ರೊಜೆಕ್ಟರಿನ ಮೋಟಾರು. ಓದುವ ಕಾಲದಲ್ಲಿ ಬರ್ಟ್ ಪ್ರೊಜೆಕ್ಟರ್ ನಡೆಸುತ್ತಿದ್ದವನು. ಇನ್ನರ್ಧ ಆಕಸ್ಮಿಕ: ತಂತಿ ಹರಿದ ಮೈಕು ಟಿವಿಯ ಹತ್ತಿರ ಹಾದಾಗ ಗುರ್ ಎಂದಿತು. ಎರಡನ್ನೂ ಬೆರೆಸಿ ಸ್ಪೀಕರಿನಲ್ಲಿ ಬಿಟ್ಟು, ಅದರ ಮುಂದೆ ಇನ್ನೊಂದು ಮೈಕನ್ನು ಕತ್ತಿಯಂತೆ ಬೀಸಿ ಮತ್ತೆ ಮುದ್ರಿಸಿಕೊಂಡ. ಬೀಸಿದಾಗ ಸದ್ದು ಏರಿ ಇಳಿಯುವುದು ಅದರಿಂದ. ಕೇಳಿಸಿಕೊಂಡ ಮಾವ, “ಡಾಪ್ಲರ್ ಪರಿಣಾಮ” ಎಂದು ಮೊದಲ ಬಾರಿಗೆ ತಲೆದೂಗಿದರು.

ಬಂದೂಕಿನ ‘ಪಿಯೂ’ ಎಂದರೆ ರೇಡಿಯೋ ಟವರಿನ ಬಿಗಿದ ತಂತಿಗೆ ಸುತ್ತಿಗೆಯ ಪೆಟ್ಟು. ಶತ್ರುವಿನ ಪುಟ್ಟ ಟೈ ಫೈಟರ್ ವಿಮಾನಗಳು ಕಿರುಚುತ್ತಾ ನುಗ್ಗುವಾಗ ಕಣ್ಣು ಮುಚ್ಚಿ ನೋಡಿ. ಆನೆಯ ಘೀಳು, ಜೊತೆಗೆ ಒದ್ದೆ ರಸ್ತೆಯ ಮೇಲೆ ಕಾರು ಸರ್ರೆಂದು ಹೋದ ಸದ್ದು. ಆನೆ ಇದೆ ಎಂದು ಗೊತ್ತಾದ ಮೇಲೆ ಆನೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ರೋಮಶ ದೈತ್ಯ ಚ್ಯೂಬಾಕಾನ ಗಂಟಲಲ್ಲಿ ಮುಖ್ಯವಾಗಿ ಕರಡಿಯಿದೆ. ಮರುಭೂಮಿಯ ಗುಜರಿ ವ್ಯಾಪಾರಿಗಳಾದ ಜಾವಾಗಳ ಚಿಲಿಪಿಲಿಗೆ ಜುಲು ಭಾಷೆಯ ಮೂಲ, ವೇಗ ಹೆಚ್ಚಿಸಿದ್ದು. ಆರ್ಟೂ-ಡೀಟೂ ಎಂಬ ಡಬ್ಬಿ ರೋಬಾಟ್ ಒಂದು ಪದವನ್ನೂ ಆಡುವುದಿಲ್ಲ. ಸಿಂಥಸೈಜರಿನ ಬೀಪ್‌ಗೆ ಬರ್ಟ್ ತನ್ನ ಬಾಯಿಂದ ಹಸುಗೂಸಿನ ಗೋಳು, ಕೇಕೆ ಬೆರೆಸಿದ. ಆ ಡಬ್ಬಿ ಮುನಿಸಿಕೊಂಡದ್ದು, ಹೆದರಿದ್ದು, ಎದುರು ಜವಾಬು ಕೊಟ್ಟದ್ದು ಎಲ್ಲವೂ ನಮಗೆ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದಲ್ಲಿ ಚೆನ್ನಾಗಿ ಸಂಭಾಷಣೆ ಹೇಳುವುದು ಅದೊಂದೇ.

ಇನ್ನು ಉಸಿರು. ಖಳ ಡಾರ್ತ್ ವೇಡರ್ ಹೊಗೆ ಸೀಳಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕರಿ ಮುಖವಾಡ, ಕರಿ ಬಟ್ಟೆ, ಕಣ್ಣು ಕಾಣದು, ತುಟಿ ಕಾಣದು. ಯಕ್ಷಗಾನದಲ್ಲಿ ತೆರೆಯ ಹಿಂದೆ ಬಣ್ಣದ ವೇಷ ಅಬ್ಬರಿಸುವಾಗ ಮಡಿಲಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತಾರಲ್ಲ, ಆ ಕೆಲಸವನ್ನು ಇಲ್ಲಿ ಮಾಡುವುದು ಆ ಉಸಿರು. ಬರ್ಟ್ ಮುಳುಗುಗಾರರ ಉಸಿರಾಟದ ಉಪಕರಣದೊಳಗೆ ಪುಟ್ಟ ಮೈಕು ತೂರಿಸಿ ತಾನೇ ಉಸಿರಾಡಿದ್ದು. ಒಬ್ಬ ವೇಡರ್‌ನನ್ನು ಕಟ್ಟಲು ಎಷ್ಟು ಜನ ನೋಡಿ: ಮೈ ಇಂಗ್ಲೆಂಡಿನ ಭಾರ ಎತ್ತುವ ಆಳು ಡೇವಿಡ್ ಪ್ರೌಸ್‌ನದು, ದನಿ ಜೇಮ್ಸ್ ಅರ್ಲ್ ಜೋನ್ಸ್‌ನದು, ಉಸಿರು ಬರ್ಟ್‌ನದು, 1980ರ ಚಿತ್ರದ ಕತ್ತಿವರಸೆ ಬಾಬ್ ಆಂಡರ್ಸನ್‌ನದು. ಆ ಗುಟ್ಟಿನ ಮಾತು ಬರುವ ದೃಶ್ಯದಲ್ಲಿ ಪ್ರೌಸ್‌ಗೆ ಬೇಕೆಂದೇ ಸುಳ್ಳು ಸಂಭಾಷಣೆ ಕೊಟ್ಟಿದ್ದರು. ಎದುರಿಗಿದ್ದ ನಟ ಮಾರ್ಕ್ ಹ್ಯಾಮಿಲ್‌ಗೆ ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ನಿಜ ಹೇಳಿದರು. ಅಸಲಿ ಮಾತನ್ನು ಆಮೇಲೆ ಜೋನ್ಸ್ ದನಿಯಲ್ಲಿ ಕೂರಿಸಿದರು.

ಸಂಗೀತ ಜಾನ್ ವಿಲಿಯಮ್ಸ್‌ನದು, ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಒಬ್ಬೊಬ್ಬರಿಗೂ, ಒಂದೊಂದು ಭಾವಕ್ಕೂ ಒಂದೊಂದು ರಾಗದ ತುಣುಕು. ಅದು ಬಂದರೆ ಅವರು ಬಂದಂತೆ, ಪರದೆಯ ಮೇಲೆ ಇಲ್ಲದಿದ್ದರೂ. ಒಂದು ದೃಶ್ಯವನ್ನಾದರೂ ಎರಡು ಸಲ ನೋಡಿ. ಲ್ಯೂಕ್ ಎಂಬ ರೈತರ ಮನೆಯ ಹುಡುಗನಿಗೆ ಊರು ಬಿಡುವಾಸೆ. ಈ ಸುಗ್ಗಿ ಮುಗಿಯಲಿ ಎನ್ನುತ್ತಾನೆ ಸಾಕಿದ ಚಿಕ್ಕಪ್ಪ. ಹುಡುಗ ಊಟ ಬಿಟ್ಟು ಎದ್ದು ಹೊರಗೆ ಬರುತ್ತಾನೆ. ಟ್ಯುನೀಶಿಯಾದ ಒಣ ಉಪ್ಪಿನ ಬಯಲು, ಗಾಳಿಗೆ ಹಾರುವ ಕೂದಲು, ಮುಳುಗುತ್ತಿರುವ ಎರಡು ಸೂರ್ಯರು. ಮಾತಿಲ್ಲ. ಒಂದು ಫ್ರೆಂಚ್ ಹಾರ್ನ್ ಮೆಲ್ಲಗೆ ಏಳುತ್ತದೆ, ಅದರ ಮೇಲೆ ತಂತಿವಾದ್ಯಗಳೆಲ್ಲ ಒಟ್ಟಿಗೆ ಉಕ್ಕುತ್ತವೆ. ಹೆಚ್ಚೆಂದರೆ ಒಂದು ನಿಮಿಷ. ಮೊದಲ ಸಲ ಸದ್ದು ಬಂದ್ ಮಾಡಿ ನೋಡಿದರೆ ಒಬ್ಬ ಹುಡುಗ ಸಂಜೆ ಹೊತ್ತು ಸುಮ್ಮನೆ ನಿಂತಿದ್ದಾನೆ, ಅಷ್ಟೆ. ಸದ್ದು ಕೊಟ್ಟು ನೋಡಿದರೆ ಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತು ಪೇಟೆಯ ದಾರಿ ನೋಡಿದವರಿಗೆ ಗಂಟಲು ಕಟ್ಟುತ್ತದೆ.

ಆ ಹಾರ್ನಿನ ರಾಗವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಚಿತ್ರಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ವೇಡರ್‌ನದೆಂದು ಎಲ್ಲರೂ ಗುನುಗುವ ‘ದಿ ಇಂಪೀರಿಯಲ್ ಮಾರ್ಚ್’ ಮಾತ್ರ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ, 1980ರಲ್ಲಿ ಹುಟ್ಟಿದ್ದು. 1999ರ ಚಿತ್ರದ ಕೊನೆಯ ಕಾಳಗಕ್ಕೆ ಮೇಳಗಾಯನವಿದೆ. ಅದರ ಭಾಷೆ ಸಂಸ್ಕೃತ! ಹಳೆಯ ವೆಲ್ಶ್ ಕಾವ್ಯವೊಂದರ ತುಣುಕನ್ನು ಸಂಸ್ಕೃತಕ್ಕೆ ತಂದು, ಸ್ವರಕ್ಕೆ ಒಗ್ಗುವಂತೆ ಅಕ್ಷರಗಳನ್ನು ಒಡೆದು ಜೋಡಿಸಿದ್ದಾರೆ. ಅರ್ಥ ಹುಡುಕಲು ಹೋಗಬೇಡಿ. ಮಾವ ಶಬ್ದಮಂಜರಿ ನೆನಪಿಸಿಕೊಂಡು ಕಾಲು ಗಂಟೆ ಒದ್ದಾಡಿದರು.

ಯೋಡಾನ ವಿಚಾರದಲ್ಲಿ ಕನ್ನಡಿಗರಾದ ನಮಗೆ ಒಂದು ತೊಡಕಿದೆ. 66 ಸೆಂಟಿಮೀಟರಿನ ಹಸಿರು ಮುದಿ ಗುರು, ಫ್ರಾಂಕ್ ಆಝ್ ಎಂಬಾತ ಕೈಯಲ್ಲಿ ಕುಣಿಸಿದ ಬೊಂಬೆ. ಅವನು ಕರ್ತೃವನ್ನು ಹಿಂದೆ ತಳ್ಳಿ ಉಳಿದದ್ದನ್ನು ಮುಂದೆ ತಂದು ಮಾತಾಡುತ್ತಾನೆ. ಇಂಗ್ಲಿಷ್ ಕಿವಿಗೆ ಅದು ಪುರಾತನ ವಿಚಿತ್ರ. ನಮಗೆ? ‘ಉಂಡೆ ನಾನು ಆಗಲೇ’ ಎಂದರೂ ನಡೆಯುತ್ತದೆ, ‘ಆಗಲೇ ನಾನು ಉಂಡೆ’ ಎಂದರೂ ನಡೆಯುತ್ತದೆ. ಯೋಡಾನ ಮಾತನ್ನು ಕನ್ನಡಕ್ಕೆ ತಂದರೆ ನಮ್ಮೂರ ಜಗಲಿಯ ಮೇಲಿನ ಯಜಮಾನರೊಬ್ಬರು ಹೇಳಿದಂತಿರುತ್ತದೆ, ವೈಚಿತ್ರ್ಯವೇ ಆವಿ. ಅದಕ್ಕೇ ಇಂಗ್ಲಿಷಿನಲ್ಲೇ ಕೇಳಿ. 1980ರಲ್ಲಿ ಅವನ ಎಷ್ಟೋ ಮಾತು ಸೀದಾ ಇವೆ. ಆಮೇಲಿನ ಚಿತ್ರಗಳಲ್ಲಿ ತಿರುವುಮುರುವು ಒಂದು ಚಟವಾಯಿತು.

ಕಣ್ಣಿಗೂ ಸ್ವಲ್ಪ ಕೆಲಸ ಕೊಡಬೇಕೆಂದರೆ ಕೊಳೆ ನೋಡಿ. ಅದುವರೆಗಿನ ಅಂತರಿಕ್ಷ ನೌಕೆಗಳು ಸಾಮಾನ್ಯವಾಗಿ ಆಸ್ಪತ್ರೆಯಂತೆ ತೊಳೆದಿಟ್ಟವು. ಇಲ್ಲಿ ಎಣ್ಣೆ ಸೋರುತ್ತದೆ, ಬಣ್ಣ ಕಿತ್ತಿದೆ, ಹಾನ್ ಸೋಲೋನ ಹಡಗಿಗೆ ಆಗಾಗ ಗುದ್ದು ಕೊಡಬೇಕು. ಹಾಗೆಯೇ ಹಳೆಯ ಜೆಡೈ ಒಬಿ-ವಾನ್ ಆಗಿ ನಟಿಸಿದ ಅಲೆಕ್ ಗಿನ್ನೆಸ್‌ನ ಮುಖವನ್ನೂ ಗಮನಿಸಿ. ಈತನೇ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಪ್ರೊಫೆಸರ್ ಗೋಡ್‌ಬೋಲೆಯಾದವನು, ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳು ಮರಾಬಾರ್ ಬೆಟ್ಟಗಳಾದ ಚಿತ್ರ ಅದು. ಗೋಡ್‌ಬೋಲೆ ನಪಾಸು. ಒಬಿ-ವಾನ್ ಪಾಸು.

ಮೂರು ಮುಗಿದ ಮೇಲೆ ಮುಂದೇನು? 2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಸ್‌ಫಿಲ್ಮ್ ಕೊಂಡುಕೊಂಡ ನಂತರ ಬಂದವುಗಳಲ್ಲಿ 2016ರ ‘ರೋಗ್ ಒನ್’ ಅನ್ನೂ 2022ರ ‘ಆಂಡಾರ್’ ಧಾರಾವಾಹಿಯನ್ನೂ ಬಿಡಬೇಡಿ. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಇರಲಿ. 1999, 2002, 2005ರ ಮೂರನ್ನು ಜನ ಬೈದಷ್ಟು ನಾನು ಬೈಯಲಾರೆ. ಸಂಭಾಷಣೆ ಕೊರಡು, ಹೌದು. ಆದರೆ ಕಿವಿ ಪಳಗಿದವರಿಗೆ ಅಲ್ಲಿ ಕಸುಬಿದೆ. 1999ರದ್ದರಲ್ಲಿ ಒಂದು ಮುಗ್ಧ ಬಾಲಕನಿಗೆ ವಿಲಿಯಮ್ಸ್ ಕೊಟ್ಟ ಲಾಲಿಯಂಥ ರಾಗದ ತುದಿಯನ್ನು ಎಚ್ಚರದಿಂದ ಕೇಳಿ, ಅಲ್ಲಿ ಇನ್ನೊಂದು ರಾಗ ಅಡಗಿ ಕೂತಿದೆ. ಚಿತ್ರ ಮುಗಿಯಿತೆಂದು ರಿಮೋಟ್ ಒತ್ತಬೇಡಿ. ಹೆಸರುಗಳೆಲ್ಲ ಮೇಲೆ ಹೋಗಲಿ, ಸಂಗೀತವೂ ನಿಲ್ಲಲಿ. ಪರದೆ ಕಪ್ಪಾದ ಮೇಲೆ, ಯಾರೂ ಇಲ್ಲದಲ್ಲಿ, ಒಂದು ಉಸಿರು ಕೇಳಿಸುತ್ತದೆ.